4 ನಿಮಿಷ 20 ಸೆಕೆಂಡಿಗೆ ನಿಲ್ಲುವ ಚಿತ್ರ: ಮಲ್ಟಿಕ್ಯಾಸ್ಟ್ ಸದಸ್ಯತ್ವದ ದೋಷ ಹುಡುಕುವ ಬಗೆ

ಶಿರಸಿ ಕಡೆಯಿಂದ ದೂರು ಬರುವುದು ಹೀಗೆ: "ಚಾನಲ್ ಹಾಕಿದ್ರೆ ನಾಲ್ಕ್ ನಿಮಿಷ ಚಲೋ ಬತ್ತು, ಆಮೇಲೆ ಚಿತ್ರ ಅಲ್ಲೇ ನಿಂತ್ಕತ್ತು ಮಾರಾಯ. ಬೇರೆ ಚಾನಲ್ ಹಾಕಿ ವಾಪಸ್ ಬಂದ್ರೆ ಮತ್ತೆ ಸರಿ." ಇದನ್ನು ಕೇಳಿದವರು ಸೆಟ್‌ಟಾಪ್ ಬಾಕ್ಸ್ ಬದಲಿಸುತ್ತಾರೆ, ಫೈಬರಿನ ಪವರ್ ಅಳೆಯುತ್ತಾರೆ, ಆರ್‌ಜೆ45 ತುದಿ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡುತ್ತಾರೆ. ಮೂರೂ ದಂಡ. ಉತ್ತರ ಗ್ರಾಹಕರ ಮಾತಿನಲ್ಲೇ ಇದೆ. ಗಡಿಯಾರ ಹಿಡಿದು ನೋಡಿದರೆ ಆ "ನಾಲ್ಕು ನಿಮಿಷ" ನಿಜವಾಗಿ 4 ನಿಮಿಷ 20 ಸೆಕೆಂಡ್, ಅಂದರೆ 260 ಸೆಕೆಂಡ್. ಐಜಿಎಂಪಿ (ಯಾರಿಗೆ ಯಾವ ಚಾನಲ್ ಬೇಕೆಂದು ಲೆಕ್ಕ ಇಡುವ ನಿಯಮಾವಳಿ) ಬಲ್ಲವರಿಗೆ ಆ ಸಂಖ್ಯೆ ಕಂಡರೆ ಸಾಕು, ದೋಷದ ಹೆಸರು ಗೊತ್ತಾಗುತ್ತದೆ.

ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆ ಕೇಬಲ್-ಇಂಟರ್ನೆಟ್ ಜಾಲ ನೋಡಿಕೊಳ್ಳುವವರಿಗೆ, ಗೋಕರ್ಣ, ಮುರುಡೇಶ್ವರದ ಹೋಟೆಲುಗಳಲ್ಲಿ ಕೋಣೆಕೋಣೆಗೆ ಟಿವಿ ಕೊಟ್ಟವರಿಗೆ, ಸಿಸಿಟಿವಿಯನ್ನು ಮಲ್ಟಿಕ್ಯಾಸ್ಟಿನಲ್ಲಿ (ಒಂದೇ ಪ್ರತಿ ಕೇಳಿದವರಿಗೆಲ್ಲ ತಲುಪುವ ಬಗೆ) ಓಡಿಸುವವರಿಗೆ ಈ ಬರಹ. ಇಲ್ಲಿನ ಕ್ರಮ ಸುಲಭ: ಮೊದಲು ಎಷ್ಟು ಸೆಕೆಂಡಿಗೆ ಕೆಡುತ್ತದೆ ಎಂದು ಅಳೆಯಿರಿ, ಆಮೇಲೆ ಲ್ಯಾಪ್‌ಟಾಪ್ ತೆರೆಯಿರಿ.

ಹಾಜರಿ ಪುಸ್ತಕದ ಲೆಕ್ಕ

ಮಲ್ಟಿಕ್ಯಾಸ್ಟಿನಲ್ಲಿ ಒಂದೊಂದು ಚಾನಲ್ಲಿಗೂ ಒಂದೊಂದು ಗುಂಪಿನ ವಿಳಾಸ ಇರುತ್ತದೆ, 239.10.1.5 ಎಂಬಂತೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ನೇರ ಪ್ರಸಾರವನ್ನು ಒಂದು ಓಣಿಯ 60 ಮನೆಯವರು ಒಟ್ಟಿಗೆ ನೋಡಿದರೂ ಆ ಓಣಿಗೆ ಹೋಗುವ ಲೈನಿನಲ್ಲಿ 4 ಎಂಬಿಪಿಎಸ್‌ನ ಒಂದೇ ಪ್ರತಿ ಹರಿಯುತ್ತದೆ. ಯುನಿಕ್ಯಾಸ್ಟ್ (ಒಬ್ಬೊಬ್ಬರಿಗೂ ಬೇರೆ ಪ್ರತಿ) ಆಗಿದ್ದರೆ 240 ಎಂಬಿಪಿಎಸ್ ಬೇಕಿತ್ತು. ಈ ಉಳಿತಾಯವೆಲ್ಲ ಒಂದು ಪಟ್ಟಿಯ ಮೇಲೆ ನಿಂತಿದೆ: ಯಾವ ಪೋರ್ಟಿನ ಆಚೆ ಯಾವ ಗುಂಪು ಬೇಕಾದವರಿದ್ದಾರೆ ಎಂಬ ಪಟ್ಟಿ. ಅದನ್ನು ಇಡುವ ನಿಯಮಾವಳಿಯೇ ಐಜಿಎಂಪಿ. ಮೊದಲ ಆವೃತ್ತಿ 1989ರ ಆರ್‌ಎಫ್‌ಸಿ (ಇಂಟರ್ನೆಟ್ ನಿಯಮಗಳ ದಾಖಲೆ) 1112ರಲ್ಲಿ ಬಂತು, ಎರಡನೆಯದು 1997ರ 2236ರಲ್ಲಿ, ಮೂರನೆಯದು 2002ರ 3376ರಲ್ಲಿ. ಫೀಲ್ಡಿನಲ್ಲಿ ಎದುರಾಗುವುದು ಎರಡು ಮತ್ತು ಮೂರು.

ಶಾಲೆಯ ಹಾಜರಿಯಂತೆ ಎಣಿಸಿಕೊಳ್ಳಿ. ಕ್ವೆರಿಯರ್ ಎಂಬ ಸಾಧನ 125 ಸೆಕೆಂಡಿಗೊಮ್ಮೆ 224.0.0.1 ವಿಳಾಸಕ್ಕೆ "ಯಾರ್‍ಯಾರಿಗೆ ಯಾವ್ಯಾವ ಗುಂಪು ಬೇಕು?" ಎಂದು ಕೂಗುತ್ತದೆ, ಈ ಕೂಗೇ ಕ್ವೆರಿ. ಬಾಕ್ಸುಗಳು 10 ಸೆಕೆಂಡಿನೊಳಗೆ ಯಾವುದೋ ಒಂದು ಗಳಿಗೆಯಲ್ಲಿ ರಿಪೋರ್ಟ್ ಕಳಿಸಿ "ನನಗೆ 239.10.1.5 ಬೇಕು" ಎನ್ನುತ್ತವೆ. ಎರಡು ಸಲದ ಕೂಗಿಗೂ ಉತ್ತರ ಬಾರದಿದ್ದರೆ ಹೆಸರು ಬಿದ್ದುಹೋಗುತ್ತದೆ: 2 × 125 + 10 = 260. ಆ 2 ಎಂಬುದು ಒಂದು ಪ್ಯಾಕೆಟ್ ದಾರಿಯಲ್ಲಿ ಕಳೆದರೂ ನಡೆಯಲಿ ಎಂದು ಇಟ್ಟ ಗುಣಕ, ರೋಬಸ್ಟ್‌ನೆಸ್ ಎನ್ನುತ್ತಾರೆ.

ನಡುವಿನ ಸ್ವಿಚ್ ಈ ಮಾತುಕತೆಯಲ್ಲಿ ಪಾಲುದಾರನಲ್ಲ. ಅದು ಕದ್ದು ಕೇಳಿಸಿಕೊಂಡು ತನ್ನ ಪಟ್ಟಿ ಬರೆದುಕೊಳ್ಳುತ್ತದೆ, ಅದಕ್ಕೇ ಸ್ನೂಪಿಂಗ್ ಎಂಬ ಹೆಸರು. ಎರಡು ಸಂಗತಿ ಬರೆದುಕೊಳ್ಳುತ್ತದೆ: ಕೇಳುವವರು ಯಾವ ಪೋರ್ಟಿನಲ್ಲಿದ್ದಾರೆ, ಕ್ವೆರಿ ಯಾವ ಪೋರ್ಟಿನಿಂದ ಬಂತು. ಈ ಎರಡನೆಯದಕ್ಕೆ ರೂಟರ್ ಪೋರ್ಟ್ ಎನ್ನುತ್ತಾರೆ. ರಿಪೋರ್ಟುಗಳನ್ನು ಸ್ವಿಚ್ ಆ ಪೋರ್ಟಿನ ಕಡೆಗೆ ಮಾತ್ರ ದಾಟಿಸುತ್ತದೆ. ಬಹಳ ಜನ ಮರೆಯುವ ಸಂಗತಿ ಇನ್ನೊಂದಿದೆ: ಯಾರು ಕೇಳಲಿ ಬಿಡಲಿ, ಎಲ್ಲ ಮಲ್ಟಿಕ್ಯಾಸ್ಟ್ ಚಾನಲ್ಲುಗಳನ್ನೂ ಆ ಪೋರ್ಟಿಗೆ ಸುರಿಯುತ್ತದೆ. ಆಚೆ ರೂಟರ್ ಇದ್ದರೆ ಅದಕ್ಕೆ ಎಲ್ಲವೂ ಬೇಕಾಗಬಹುದು ಎಂಬುದು ಅದರ ನಂಬಿಕೆ. ಮುಂದೆ ಹೇಳುವ ದೋಷಗಳಲ್ಲಿ ಅರ್ಧದಷ್ಟರ ಬೇರು ಇಲ್ಲಿದೆ.

260 ಸೆಕೆಂಡ್: ಕೂಗುವವರೇ ಇಲ್ಲ

"ಹಳೇ ಡಬ್ಬಿ ಸ್ವಿಚ್ ಇದ್ದಾಗ ಸರಿ ಇತ್ತು, ದುಬಾರಿ ಮ್ಯಾನೇಜ್ಡ್ ಸ್ವಿಚ್ ಹಾಕಿದ ಮೇಲೆ ಕೆಟ್ಟಿತು" ಎಂಬ ಮಾತು ಸುಳ್ಳಲ್ಲ. ಹಳೆಯ ಸ್ವಿಚ್ಚಿಗೆ ಪಟ್ಟಿ ಎಂಬುದೇ ಇರಲಿಲ್ಲ, ಬಂದದ್ದನ್ನೆಲ್ಲ ಎಲ್ಲ ಪೋರ್ಟಿಗೂ ಚೆಲ್ಲುತ್ತಿತ್ತು. ಹೊಸದು ಪಟ್ಟಿ ಇಡುತ್ತದೆ. ಹಲವು ಸ್ವಿಚ್ಚುಗಳು ಕಂಪನಿಯಿಂದ ಬರುವಾಗಲೇ ಸ್ನೂಪಿಂಗ್ ಆನ್, ಕ್ವೆರಿಯರ್ ಆಫ್ ಆಗಿರುತ್ತವೆ. ಚಾನಲ್ ಹಾಕಿದ ಕೂಡಲೇ ಬಾಕ್ಸ್ ತಾನಾಗಿ ಒಂದು ರಿಪೋರ್ಟ್ ಕಳಿಸುವುದರಿಂದ ಚಿತ್ರ ಬರುತ್ತದೆ. ಆಮೇಲೆ ಯಾರೂ ಕೂಗುವುದಿಲ್ಲ, ಬಾಕ್ಸೂ ಸುಮ್ಮನಿರುತ್ತದೆ, 260ನೇ ಸೆಕೆಂಡಿಗೆ ಸ್ವಿಚ್ ಪೋರ್ಟನ್ನು ಕಿತ್ತುಹಾಕುತ್ತದೆ. ಚಾನಲ್ ತಿರುಗಿಸಿ ಮರಳಿದರೆ ಹೊಸ ರಿಪೋರ್ಟ್, ಮತ್ತೆ 260. ಕೆಲವು ಸ್ವಿಚ್ಚುಗಳಲ್ಲಿ ಈ ಅವಧಿ ಬೇರೆ ಇರಬಹುದು, ಸೆಟ್ಟಿಂಗ್ ಪುಟದಲ್ಲಿ ಸದಸ್ಯತ್ವದ ಟೈಮರ್ ನೋಡಿ ಹೋಲಿಸಿ.

ಖಚಿತಪಡಿಸಿಕೊಳ್ಳುವುದು ಹೀಗೆ. ಲ್ಯಾಪ್‌ಟಾಪ್ ಅನ್ನು ಬಾಕ್ಸ್ ಇದ್ದ ಅದೇ ಪೋರ್ಟಿಗೆ, ಅದೇ ವಿಲ್ಯಾನಿಗೆ (ಸ್ವಿಚ್ಚಿನೊಳಗೆ ಬೇರ್ಪಡಿಸಿದ ಜಾಲ) ಸಿಕ್ಕಿಸಿ. ವೈಫೈ ಆಫ್ ಮಾಡಿ. ಇದನ್ನು ಬಿಟ್ಟವರು ಅರ್ಧ ದಿನ ಕಳೆದುಕೊಳ್ಳುತ್ತಾರೆ, ಏಕೆಂದರೆ ಎರಡು ಸಂಪರ್ಕ ಇದ್ದರೆ ಸೇರಿಕೊಳ್ಳುವ ಕೋರಿಕೆ ವೈಫೈ ಕಡೆಗೆ ಹೋಗಿ, ವೈರಿನಲ್ಲಿ ಏನೂ ಕಾಣದೆ ಉಳಿಯಬಹುದು. ಪರೀಕ್ಷೆ ಮುಗಿಯುವ ತನಕ ಲ್ಯಾಪ್‌ಟಾಪಿನ ಫೈರ್‌ವಾಲ್ ಕೂಡ ಬದಿಗಿರಲಿ. ಪ್ಯಾಕೆಟ್ಟುಗಳನ್ನು ತೋರಿಸುವ ವೈರ್‌ಶಾರ್ಕ್ ತೆರೆದು ಐಜಿಎಂಪಿ ಎಂದಷ್ಟೇ ಫಿಲ್ಟರ್ ಕೊಡಿ. ವಿಎಲ್‌ಸಿ ಪ್ಲೇಯರಿನಲ್ಲಿ ನೆಟ್‌ವರ್ಕ್ ಸ್ಟ್ರೀಮ್ ಎಂದು ಯುಡಿಪಿ://@239.10.1.5:1234 ಹಾಕಿ. ಅಲ್ಲಿನ @ ಚಿಹ್ನೆ ತಪ್ಪದೆ ಇರಬೇಕು, ಪೋರ್ಟ್ ಸಂಖ್ಯೆ ನಿಮ್ಮ ಹೆಡ್‌ಎಂಡಿನದು (ಚಾನಲ್ಲುಗಳು ಹೊರಡುವ ಕೇಂದ್ರ). ಈಗ ಐದು ನಿಮಿಷ ಕೈ ಕಟ್ಟಿ ಕೂತುಕೊಳ್ಳಿ.

ಸರಿ ಇರುವ ಜಾಲದಲ್ಲಿ ಪರದೆಯ ಮೇಲೆ ಕಾಣುವುದು ಇಷ್ಟು. ಸೊನ್ನೆ ಸೆಕೆಂಡಿನಲ್ಲಿ ನಿಮ್ಮ 10.20.4.31ರಿಂದ ಒಂದು ರಿಪೋರ್ಟ್. ಎರಡನೇ ಆವೃತ್ತಿಯಾದರೆ ಅದು ಹೋಗುವ ವಿಳಾಸ 239.10.1.5 ಆಗಿರುತ್ತದೆ, ಬಗೆ ಹೆಕ್ಸ್ 16. ಮೂರನೆಯದಾದರೆ ವಿಳಾಸ 224.0.0.22, ಬಗೆ ಹೆಕ್ಸ್ 22. ಮುಂದೆ ಹೆಚ್ಚೆಂದರೆ 125 ಸೆಕೆಂಡಿನೊಳಗೆ 10.20.4.1ರಿಂದ 224.0.0.1ಕ್ಕೆ ಹೆಕ್ಸ್ 11 ಬಗೆಯ ಕ್ವೆರಿ, ಅದರೊಳಗೆ ಉತ್ತರದ ಗಡುವು 10.0 ಸೆಕೆಂಡ್. ಅದರ ಹಿಂದೆಯೇ ಮೂರೋ ಏಳೋ ಸೆಕೆಂಡಿಗೆ ನಿಮ್ಮ ಉತ್ತರ. ಈ ಜೋಡಿ 125 ಸೆಕೆಂಡಿಗೊಮ್ಮೆ ಮರುಕಳಿಸುತ್ತದೆ. ಕೆಟ್ಟ ಜಾಲದಲ್ಲಿ ಮೊದಲ ರಿಪೋರ್ಟಿನ (ಒಂದೆರಡು ಸಲ ಅದನ್ನೇ ಮತ್ತೆ ಕಳಿಸಿರಬಹುದು) ನಂತರ ಪರದೆ ಖಾಲಿ.

ಒಂದು ಎಚ್ಚರಿಕೆ. ಸ್ನೂಪಿಂಗ್ ಸ್ವಿಚ್ಚಿನ ಸಾಮಾನ್ಯ ಪೋರ್ಟಿನಲ್ಲಿ ಬೇರೆಯವರ ರಿಪೋರ್ಟ್ ಕಾಣುವುದಿಲ್ಲ, ಕಾಣಬಾರದು ಕೂಡ. "ಯಾವ ಬಾಕ್ಸೂ ಉತ್ತರಿಸುತ್ತಿಲ್ಲ" ಎಂದು ಅದನ್ನು ನೋಡಿ ತೀರ್ಮಾನಿಸಬೇಡಿ. ಕ್ವೆರಿ ಮಾತ್ರ ವಿಲ್ಯಾನಿನ ಪ್ರತಿ ಪೋರ್ಟಿಗೂ ಬರಲೇಬೇಕು. ಬೇರೆ ಬಾಕ್ಸಿನ ರಿಪೋರ್ಟ್ ನೋಡಬೇಕೆಂದರೆ ಪೋರ್ಟ್ ಮಿರರಿಂಗ್ (ಒಂದು ಪೋರ್ಟಿನ ಪ್ಯಾಕೆಟ್ಟುಗಳ ಪ್ರತಿಯನ್ನು ಇನ್ನೊಂದಕ್ಕೆ ಕಳಿಸುವುದು) ಹಾಕಿ.

ಪರಿಹಾರ: ಒಂದು ವಿಲ್ಯಾನಿಗೆ ಒಂದು ಕ್ವೆರಿಯರ್ ಆನ್ ಮಾಡಿ. ಎಲ್ಲಿ ಎಂಬುದು ಮುಖ್ಯ. ಎಲ್ಲ ಚಾನಲ್ಲುಗಳೂ ಕ್ವೆರಿಯರ್ ಇರುವ ದಿಕ್ಕಿಗೆ ಹರಿಯುತ್ತವೆ ಎಂದೆವಲ್ಲ. ಹೆಡ್‌ಎಂಡ್ ಕಾರವಾರದಲ್ಲಿದ್ದು ಕ್ವೆರಿಯರನ್ನು ಅಂಕೋಲಾದ ಕಂಬದ ಪೆಟ್ಟಿಗೆಯಲ್ಲಿ ಆನ್ ಮಾಡಿದರೆ 150 ಚಾನಲ್ಲೂ ಹೆದ್ದಾರಿಗುಂಟ ಅಲ್ಲಿಗೆ ಓಡುತ್ತವೆ. ತಲಾ 4 ಎಂಬಿಪಿಎಸ್ ಹಿಡಿದರೆ 600 ಎಂಬಿಪಿಎಸ್, ನೋಡುವವರು ಯಾರೂ ಇಲ್ಲದಿದ್ದರೂ. ಹೆಡ್‌ಎಂಡಿನ ಎನ್‌ಕೋಡರುಗಳು ಸೇರುವ ಸ್ವಿಚ್ಚೇ ಕ್ವೆರಿಯರಿಗೆ ಸರಿಯಾದ ಜಾಗ.

ಆನ್ ಮಾಡಿಯೂ ಕ್ವೆರಿ ಬಾರದಿದ್ದರೆ ಆ ವಿಲ್ಯಾನಿನಲ್ಲಿ ಸ್ವಿಚ್ಚಿಗೆ ಐಪಿ ವಿಳಾಸ ಇದೆಯೇ ನೋಡಿ. ವಿಳಾಸ ಇಲ್ಲದಿದ್ದರೆ ಕೆಲವು ಸ್ವಿಚ್ ಮೌನವಾಗಿರುತ್ತವೆ, ಕೆಲವು 0.0.0.0 ಎಂಬ ಕಳಿಸುವವರ ವಿಳಾಸ ಹಾಕಿ ಕೂಗುತ್ತವೆ. ಲಿನಕ್ಸ್ ಬ್ರಿಜ್ (ಸ್ವಿಚ್ಚಿನ ಕೆಲಸ ಮಾಡುವ ಸಾಫ್ಟ್‌ವೇರ್) ಕೂಡ ಬೇರೆ ಹೇಳದಿದ್ದರೆ 0.0.0.0 ಎಂದೇ ಕಳಿಸುತ್ತದೆ. ಸ್ವಂತ ಐಪಿ ಬಳಸುವ ಆಯ್ಕೆಯನ್ನು 1 ಮಾಡಬೇಕು. ಸೊನ್ನೆ ವಿಳಾಸದ ಕ್ವೆರಿಗೆ ಕೆಲವು ಸಾಧನಗಳು ಉತ್ತರಿಸುವುದೇ ಇಲ್ಲ. ಒಂದೇ ಮನೆಯಲ್ಲಿ ಒಂದು ಕಂಪನಿಯ ಬಾಕ್ಸ್ ಸರಿಯಿದ್ದು ಇನ್ನೊಂದು 260ಕ್ಕೆ ನಿಲ್ಲುತ್ತಿದ್ದರೆ ಮೊದಲ ಅನುಮಾನ ಇದರ ಮೇಲೆ ಇರಲಿ. ಮೈಕ್ರೋಟಿಕ್ ಕಂಪನಿಯ ಸಾಧನಗಳಲ್ಲಿ ಬ್ರಿಜ್‌ನ ಸ್ನೂಪಿಂಗೂ ಕ್ವೆರಿಯರೂ ಮೊದಲಿಗೆ ಆಫ್ ಇರುತ್ತವೆ. ಕ್ವೆರಿಯರ್ ಬದಲಿಸಿದ ಮೇಲೆ ಸ್ನೂಪಿಂಗನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಬೇಕು. ಅದರ ಕೆಲವು ಮಾದರಿಗಳಲ್ಲಿ ಸ್ನೂಪಿಂಗ್ ಹಾಕಿದರೆ ಹಾರ್ಡ್‌ವೇರ್ ಆಫ್‌ಲೋಡ್ ಹೋಗಿ ಹೊರೆ ಸಿಪಿಯು ಮೇಲೆ ಬೀಳುತ್ತದೆ, ಬದಲಿಸುವ ಮುಂಚೆ ಮಾದರಿಯ ವಿವರ ನೋಡಿಕೊಳ್ಳಿ.

ಇದೇ ದೋಷಕ್ಕೆ ಇನ್ನೊಂದು ಮುಖ ಉಂಟು. ಚಿತ್ರ 260ಕ್ಕೆ ನಿಂತು, ಯಾರೂ ಏನೂ ಮಾಡದೆ 30-50 ಸೆಕೆಂಡಿಗೆ ತಾನಾಗಿ ಮರಳುತ್ತದೆ, ಮತ್ತೆ ಹಾಗೇ. ಇಲ್ಲಿ ಕ್ವೆರಿಯರ್ ಇದೆ, ಆದರೆ ಯಾರೋ ಅದರ ಅವಧಿಯನ್ನು 300 ಮಾಡಿದ್ದಾರೆ. ಸ್ವಿಚ್ಚಿನ ಟೈಮರ್ 260ರಲ್ಲೇ ಉಳಿದಿದೆ. ಎರಡನೇ ಆವೃತ್ತಿಯ ಕ್ವೆರಿಯಲ್ಲಿ "ನಾನು ಎಷ್ಟು ಹೊತ್ತಿಗೊಮ್ಮೆ ಕೂಗುತ್ತೇನೆ" ಎಂಬ ಮಾಹಿತಿಯೇ ಇಲ್ಲ, ಹಾಗಾಗಿ ಸ್ವಿಚ್ಚಿಗೆ ತಿಳಿಯುವುದಿಲ್ಲ. ಕೂಗುವ ಅವಧಿಯನ್ನು 125ಕ್ಕೆ ತಂದುಬಿಡಿ, ಸ್ವಿಚ್ಚಿನ ಟೈಮರ್ 260ರಲ್ಲೇ ಇರಲಿ. ಈ ಸಂಖ್ಯೆಗಳ ಜೊತೆ ಆಟ ಆಡಿ ಗಳಿಸುವುದು ಬಹಳ ಕಡಿಮೆ.

ಸ್ನೂಪಿಂಗನ್ನೇ ಆಫ್ ಮಾಡಿದರೆ ದೂರು ನಿಲ್ಲುತ್ತದೆ, ನಿಜ. 100 ಎಂಬಿಪಿಎಸ್ ಪೋರ್ಟಿಗೆ 4 ಎಂಬಿಪಿಎಸ್‌ನ 30 ಚಾನಲ್ ಬಂದು ಬಿದ್ದರೆ 120 ಆಯಿತು. ಆಗ ಇಂಟರ್ನೆಟ್ಟಿನ ದೂರು ಶುರು.

ಪಕ್ಕದ ಕೋಣೆಯವರು ರಿಮೋಟ್ ಒತ್ತಿದಾಗ

ಒಂದು ಮನೆ, ಎರಡು ಟಿವಿ, ನಡುವೆ ಒಂದು ಸಣ್ಣ ಡಬ್ಬಿ ಸ್ವಿಚ್. ಜಗಲಿಯ ಟಿವಿಯಲ್ಲಿ ಚಾನಲ್ ತಿರುಗಿಸಿದ ಗಳಿಗೆಯಲ್ಲೇ ಒಳಗಿನ ಟಿವಿ ನಿಲ್ಲುತ್ತದೆ. ಎರಡೂಕಾಲು ನಿಮಿಷದೊಳಗೆ ತಾನಾಗಿ ಬರುತ್ತದೆ. ಎಲ್ಲ ಸಲ ಆಗುವುದಿಲ್ಲ, ಇಬ್ಬರೂ ಒಂದೇ ಚಾನಲ್ ನೋಡುತ್ತಿದ್ದಾಗ ಮಾತ್ರ. ಅದಕ್ಕೇ ಈ ದೂರು ಉಳಿದ ದಿನ ಅಪರೂಪ. ಕ್ರಿಕೆಟ್ ಇದ್ದ ರಾತ್ರಿ, ಜಾತ್ರೆಯ ವಾರ, ಯಕ್ಷಗಾನದ ನೇರ ಪ್ರಸಾರ ಇದ್ದಾಗ ಒಮ್ಮೆಲೇ ಹತ್ತಾರು.

ಕಾರಣ ಫಾಸ್ಟ್ ಲೀವ್, ಕೆಲವೆಡೆ ಇಮ್ಮೀಡಿಯೆಟ್ ಲೀವ್. ಬಾಕ್ಸ್ ಗುಂಪು ಬಿಡುವಾಗ 224.0.0.2ಕ್ಕೆ ಲೀವ್ ಕಳಿಸುತ್ತದೆ. ಸಾಮಾನ್ಯ ಕ್ರಮದಲ್ಲಿ ಕ್ವೆರಿಯರ್ ಆ ಗುಂಪಿಗಷ್ಟೇ 1 ಸೆಕೆಂಡಿನ ಅಂತರದಲ್ಲಿ ಎರಡು ಸಲ "ಇನ್ನೂ ಯಾರಾದರೂ ಇದ್ದೀರಾ?" ಎಂದು ಕೇಳಿ, ಉತ್ತರ ಬಾರದಿದ್ದರೆ ಮಾತ್ರ ಕತ್ತರಿಸುತ್ತದೆ. ಫಾಸ್ಟ್ ಲೀವ್ ಇದ್ದರೆ ಕೇಳುವುದೇ ಇಲ್ಲ, ಪೋರ್ಟ್ ತಕ್ಷಣ ಬಂದ್. ಒಳಗಿನ ಟಿವಿಗೆ ಏನಾಯಿತೆಂದೇ ಗೊತ್ತಿಲ್ಲ; ಮುಂದಿನ ಸಾಮಾನ್ಯ ಕ್ವೆರಿ ಬಂದು ಅದಕ್ಕೆ ಉತ್ತರಿಸಿದಾಗ, ಅಂದರೆ ಹೆಚ್ಚೆಂದರೆ 135 ಸೆಕೆಂಡಿಗೆ, ಚಿತ್ರ ಮರಳುತ್ತದೆ. ಒಂದು ಪೋರ್ಟಿಗೆ ಒಂದೇ ಬಾಕ್ಸ್ ಇದ್ದಲ್ಲಿ ಫಾಸ್ಟ್ ಲೀವ್ ಒಳ್ಳೆಯದೇ. ಎರಡು ಬಾಕ್ಸ್ ಇರುವ ಪೋರ್ಟುಗಳಲ್ಲಿ, ಇನ್ನೊಂದು ಸ್ವಿಚ್ಚಿಗೆ ಹೋಗುವ ಪೋರ್ಟುಗಳಲ್ಲಿ ಅದನ್ನು ತೆಗೆಯಿರಿ. ಓಎಲ್‌ಟಿ (ಫೈಬರಿನ ಆಪರೇಟರ್ ಕಡೆಯ ಸಾಧನ) ಇದ್ದ ಜಾಲದಲ್ಲಿ ಅದು ಮತ್ತು ಮನೆಯ ಓಎನ್‌ಟಿ (ಫೈಬರ್ ಬಂದು ಸೇರುವ ಡಬ್ಬಿ) ಎರಡರಲ್ಲೂ ಈ ಆಯ್ಕೆ ಇರಬಹುದು, ಎರಡನ್ನೂ ನೋಡಬೇಕು.

ಫಾಸ್ಟ್ ಲೀವ್ ಇಲ್ಲದಿದ್ದಾಗ ಬರುವ ದೂರು ಇದಕ್ಕೆ ಉಲ್ಟಾ: ಚಾನಲ್ ತಿರುಗಿಸಿದ ಮೇಲೆ ಎರಡು ಸೆಕೆಂಡ್ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಹಳೇ ಚಾನಲ್ ಆ 2 ಸೆಕೆಂಡ್ ಹರಿಯುತ್ತಲೇ ಇರುತ್ತದೆ, ಹೊಸದೂ ಬಂದು ಸೇರುತ್ತದೆ. 8 ಎಂಬಿಪಿಎಸ್‌ನ ಎಚ್‌ಡಿ ಚಾನಲ್ ಎರಡು ಸೇರಿ 16, ಗ್ರಾಹಕರ ಪ್ಲಾನಿನ ಮಿತಿ 10 ಆಗಿದ್ದರೆ ಒಡೆಯದೆ ಏನು ಮಾಡೀತು? ಟಿವಿಯ ವಿಲ್ಯಾನನ್ನು ಇಂಟರ್ನೆಟ್ ವೇಗಮಿತಿಯಿಂದ ಹೊರಗಿಡಿ. ಅದು ಆಗದಿದ್ದರೆ ಕೊನೆಯ ಸದಸ್ಯನ ಕ್ವೆರಿಯ (ಮೇಲೆ ಹೇಳಿದ "ಇನ್ನೂ ಯಾರಾದರೂ ಇದ್ದೀರಾ?") ಅಂತರವನ್ನು ಅರ್ಧ ಸೆಕೆಂಡಿಗೆ ಇಳಿಸಿ.

ಬೇರೆಯವರು ಕೂಗತೊಡಗಿದಾಗ

ಒಂದು ವಿಲ್ಯಾನಿನಲ್ಲಿ ಇಬ್ಬರು ಕ್ವೆರಿಯರ್ ಇದ್ದರೆ ಕಡಿಮೆ ಐಪಿ ಸಂಖ್ಯೆ ಇದ್ದವರು ಗೆಲ್ಲುತ್ತಾರೆ, ಇನ್ನೊಬ್ಬರು ಬಾಯಿ ಮುಚ್ಚುತ್ತಾರೆ. ಬಲ, ಬೆಲೆ, ಹಿರಿತನ ಯಾವುದೂ ಲೆಕ್ಕಕ್ಕಿಲ್ಲ. ನಿಮ್ಮ ರೂಟರ್ 192.168.10.1ರಲ್ಲಿದೆ ಎನ್ನಿ. ಗ್ರಾಹಕರೊಬ್ಬರು ಪೇಟೆಯಿಂದ ತಂದ ವೈಫೈ ರೂಟರನ್ನು ವ್ಯಾನ್ ಕಿಂಡಿಯ ಬದಲು ಲ್ಯಾನ್ ಕಿಂಡಿಗೆ ಸಿಕ್ಕಿಸುತ್ತಾರೆ. ಅದರ ವಿಳಾಸ 192.168.1.1, ಅದರೊಳಗೆ ಐಜಿಎಂಪಿ ಆನ್ ಇದೆ. ಅದು ಕೂಗಿದ ಕೂಡಲೇ ನಿಮ್ಮದು ಸುಮ್ಮನಾಗುತ್ತದೆ. ಬೀದಿಯ ಸ್ವಿಚ್ಚುಗಳು ಈಗ ರೂಟರ್ ಪೋರ್ಟ್ ಎಂದರೆ ಆ ಮನೆಯ ದಿಕ್ಕು ಎಂದು ಬರೆದುಕೊಳ್ಳುತ್ತವೆ, ನಿಮ್ಮ ರೂಟರಿನ ಕಡೆಯ ನೆನಪು ಅವಧಿ ಮುಗಿದು ಅಳಿಸಿಹೋಗುತ್ತದೆ. ರಿಪೋರ್ಟುಗಳೆಲ್ಲ ಆ ಮನೆಗೆ ಹೋಗುತ್ತವೆ. ಚಾನಲ್ಲುಗಳೂ ಅಲ್ಲಿಗೇ ಸುರಿಯುತ್ತವೆ.

ಆದ್ದರಿಂದ ಒಂದೇ ದೋಷಕ್ಕೆ ಎರಡು ದೂರು ಬರುತ್ತವೆ. ಬೀದಿಯ ಅನೇಕರಿಗೆ ಟಿವಿ ಇಲ್ಲ, ಒಂದು ಮನೆಗೆ ಮಾತ್ರ ಇಂಟರ್ನೆಟ್ ಸತ್ತಿದೆ. ಈ ಎರಡನ್ನು ಬೇರೆ ಬೇರೆ ಎಂದು ಇಬ್ಬರು ಹುಡುಗರನ್ನು ಕಳಿಸಬೇಡಿ. ಸ್ವಿಚ್ಚಿನಲ್ಲಿ ರೂಟರ್ ಪೋರ್ಟ್ ಯಾವುದೆಂದು ನೋಡಿದರೆ ಕಳ್ಳ ಅಲ್ಲೇ ಸಿಗುತ್ತಾನೆ. ವೈರ್‌ಶಾರ್ಕಿನಲ್ಲಿ ಕ್ವೆರಿ ಕಳಿಸಿದವರ ಎಂಎಸಿ ವಿಳಾಸ (ಎಥರ್ನೆಟ್ ಮಟ್ಟದ ವಿಳಾಸ) ಹಿಡಿದು ಹಿಂದೆ ಹೋದರೂ ಅದೇ ಪೋರ್ಟಿಗೆ ಬರುತ್ತೀರಿ. ಸಿಸಿಟಿವಿಯ ಎನ್‌ವಿಆರ್ (ರೆಕಾರ್ಡರ್) ಇರುವ ಹೋಟೆಲುಗಳಲ್ಲಿ ಜೊತೆಗಿನ ಸಣ್ಣ ಪಿಓಇ (ಕ್ಯಾಮೆರಾಕ್ಕೆ ಕರೆಂಟನ್ನೂ ಕೊಡುವ) ಸ್ವಿಚ್ ಈ ಪಾತ್ರ ವಹಿಸಬಹುದು.

ಶಾಶ್ವತ ಮದ್ದು ಎರಡು. ಟಿವಿ ವಿಲ್ಯಾನಿಗೆ 10.20.4.0ರಂತಹ ಸಾಲು ಕೊಟ್ಟು ಕ್ವೆರಿಯರಿಗೆ .1 ಇಡಿ, 192ರಿಂದ ಶುರುವಾಗುವ ಯಾವ ಡಬ್ಬಿಯೂ ಅದನ್ನು ಸೋಲಿಸಲಾರದು. ಮನೆಗಳ ಕಡೆಯ ಪೋರ್ಟುಗಳಲ್ಲಿ ಒಳಬರುವ ಐಜಿಎಂಪಿ ಕ್ವೆರಿಯನ್ನು ತಡೆಯಿರಿ. ಮನೆಯಿಂದ ರಿಪೋರ್ಟ್ ಬರಬೇಕು, ಲೀವ್ ಬರಬೇಕು, ಕ್ವೆರಿ ಬರಬೇಕಾದ ಕಾರಣವೇ ಇಲ್ಲ.

ಮೊದಲಿನಿಂದಲೇ ಚಿತ್ರ ಇಲ್ಲ

ಇಲ್ಲಿ ಗಡಿಯಾರ ಅಷ್ಟು ನೆರವಿಗೆ ಬರದು, ಒಂದೊಂದಾಗಿ ಕಳೆಯಬೇಕು. ಹೆಡ್‌ಎಂಡಿನ ಸ್ವಿಚ್ಚಿಗೇ ಲ್ಯಾಪ್‌ಟಾಪ್ ಸಿಕ್ಕಿಸಿ ಚಾನಲ್ ಬರುತ್ತದೆಯೇ ನೋಡಿ. ಬಂದರೆ ಒಂದು ಸ್ವಿಚ್ ಕೆಳಗಿಳಿದು ಮತ್ತೆ ನೋಡಿ. ಹೆಡ್‌ಎಂಡಿನಲ್ಲಿ 260 ಸೆಕೆಂಡ್ ಬಂದು ಮುಂದಿನ ಸ್ವಿಚ್ಚಿನಲ್ಲಿ ಒಂದು ಸೆಕೆಂಡೂ ಬಾರದಿದ್ದರೆ ಅದೂ ಕ್ವೆರಿಯರ್ ಇಲ್ಲದ್ದೇ: ರೂಟರ್ ಪೋರ್ಟ್ ಗೊತ್ತಿಲ್ಲದ ಸ್ವಿಚ್ ರಿಪೋರ್ಟನ್ನು ಮೇಲಕ್ಕೆ ದಾಟಿಸದೆ ನುಂಗಿಬಿಡಬಹುದು.

ಪ್ಯಾಕೆಟ್ ಎಣಿಕೆಯಿಂದಲೂ ಊಹಿಸಬಹುದು. ಒಂದು ಯುಡಿಪಿ ಪ್ಯಾಕೆಟ್ಟಿನಲ್ಲಿ ಸಾಮಾನ್ಯವಾಗಿ ವಿಡಿಯೋದ 188 ಬೈಟಿನ ಏಳು ತುಂಡುಗಳು (ಟಿಎಸ್), ಒಟ್ಟು 1316 ಬೈಟ್. 4 ಎಂಬಿಪಿಎಸ್ ಚಾನಲ್ಲಿಗೆ ಸೆಕೆಂಡಿಗೆ ಸುಮಾರು 380 ಪ್ಯಾಕೆಟ್. ಪೋರ್ಟಿನ ಮಲ್ಟಿಕ್ಯಾಸ್ಟ್ ಕೌಂಟರ್ ಅಷ್ಟರಲ್ಲಿ ಏರುತ್ತಿದ್ದೂ ಚಿತ್ರ ಇಲ್ಲದಿದ್ದರೆ ಸದಸ್ಯತ್ವದ ತಂಟೆಗೆ ಹೋಗಬೇಡಿ; ಪೋರ್ಟ್ ಸಂಖ್ಯೆ, ಎನ್‌ಕ್ರಿಪ್ಷನ್, ಬಾಕ್ಸಿನ ಡಿಕೋಡರ್ ನೋಡಿ. ಕೌಂಟರ್ ಏರುತ್ತಲೇ ಇಲ್ಲ ಎಂದರೆ ಮುಂದೆ ಓದಿ.

ರೂಟರಿನ ಈಚೆ ಬರುತ್ತದೆ, ಆಚೆ ಬರುವುದಿಲ್ಲ: ಎನ್‌ಕೋಡರಿನಲ್ಲಿ ಟಿಟಿಎಲ್ (ಪ್ಯಾಕೆಟ್ ಎಷ್ಟು ರೂಟರ್ ದಾಟಬಹುದೆಂಬ ಎಣಿಕೆ) ಎಷ್ಟಿದೆ ನೋಡಿ. ಮಲ್ಟಿಕ್ಯಾಸ್ಟ್ ಕಳಿಸುವ ಸಾಫ್ಟ್‌ವೇರ್ ಬೇರೆ ಹೇಳದಿದ್ದರೆ 1 ಇಡುವುದು ರೂಢಿ, ಮೊದಲ ರೂಟರಿನಲ್ಲೇ ಅದು ಸೊನ್ನೆಯಾಗಿ ಸಾಯುತ್ತದೆ. 16 ಮಾಡಿ. ಆದರೂ ಬಾರದಿದ್ದರೆ ಆರ್‌ಪಿಎಫ್ ಎಂಬ ರೂಟರಿನ ತಪಾಸಣೆ ನೋಡಿ: ಚಾನಲ್ ಬರುತ್ತಿರುವ ಇಂಟರ್ಫೇಸೂ ಆ ಮೂಲಕ್ಕೆ ಹೋಗುವ ಯುನಿಕ್ಯಾಸ್ಟ್ ದಾರಿಯೂ ಒಂದೇ ಆಗಿರಬೇಕು. ಐಜಿಎಂಪಿಯ ಪ್ಯಾಕೆಟ್ಟುಗಳ ಟಿಟಿಎಲ್ ಮಾತ್ರ ಯಾವಾಗಲೂ 1. ಅದನ್ನು ದೋಷ ಎಂದು ತಿಳಿಯಬೇಡಿ.

ಪಿಂಗ್ ಆಗುತ್ತದೆ, ಬ್ರೌಸಿಂಗ್ ಆಗುತ್ತದೆ, ರಿಪೋರ್ಟ್ ಮಾತ್ರ ಆಚೆ ಸೇರುವುದಿಲ್ಲ: ಐಜಿಎಂಪಿ ಟಿಸಿಪಿಯೂ ಅಲ್ಲ, ಯುಡಿಪಿಯೂ ಅಲ್ಲ, ಐಪಿಯ ಮೇಲೆ ನೇರ ಕೂರುವ 2ನೇ ಸಂಖ್ಯೆಯ ಪ್ರೋಟೋಕಾಲ್. ಮೇಲಾಗಿ ಅದರ ತಲೆಯಲ್ಲಿ ರೂಟರ್ ಅಲರ್ಟ್ ಎಂಬ ಐಪಿ ಆಪ್ಷನ್ ಇರುತ್ತದೆ. ಆಪ್ಷನ್ ಇರುವ ಪ್ಯಾಕೆಟ್ಟುಗಳನ್ನು ಅನೇಕ ಫೈರ್‌ವಾಲ್‌ಗಳು ಸದ್ದಿಲ್ಲದೆ ಬೀಳಿಸುತ್ತವೆ. ಪಿಎಫ್‌ಸೆನ್ಸ್ ಫೈರ್‌ವಾಲಿನಲ್ಲಿ ನಿಯಮದೊಳಗೆ ಐಪಿ ಆಪ್ಷನ್ ಬಿಡುವ ಟಿಕ್ ಬೇರೆಯಾಗಿ ಹಾಕಬೇಕು.

ಬಾಕ್ಸ್ ಆನ್ ಮಾಡಿದ ಮೇಲೆ ಮೊದಲ ಒಂದೆರಡು ನಿಮಿಷ ಯಾವ ಚಾನಲ್ಲೂ ಇಲ್ಲ, ಆಮೇಲೆ ದಿನವಿಡೀ ಸರಿ: ಆವೃತ್ತಿಯ ಜಗಳ. ಬಾಕ್ಸ್ ಮೂರನೇ ಆವೃತ್ತಿಯಲ್ಲಿ 224.0.0.22ಕ್ಕೆ ಮಾತಾಡುತ್ತಿದೆ, ಹಳೆಯ ಸ್ವಿಚ್ಚಿಗೆ ಎರಡನೆಯದು ಮಾತ್ರ ಅರ್ಥವಾಗುತ್ತದೆ. ಎರಡನೇ ಆವೃತ್ತಿಯ ಕ್ವೆರಿ ಕೇಳಿದ ಮೇಲೆ ಬಾಕ್ಸ್ ತಾನೇ ಕೆಳಗಿಳಿದು ಅದೇ ಭಾಷೆಯಲ್ಲಿ ಮಾತಾಡುತ್ತದೆ, ಆಗ ಚಿತ್ರ. ಬಾಕ್ಸಿನಲ್ಲಿ ಎರಡನೇ ಆವೃತ್ತಿಯನ್ನೇ ಖಾಯಂ ಮಾಡಿ ಅಥವಾ ಸ್ವಿಚ್ಚಿನ ಫರ್ಮ್‌ವೇರ್ ಏರಿಸಿ. 232ರಿಂದ ಶುರುವಾಗುವ, ಮೂಲವನ್ನೂ ಹೆಸರಿಸಿ ಕೇಳುವ ಗುಂಪುಗಳನ್ನು ಬಳಸುವವರಿಗೆ ಎರಡನೇ ಆವೃತ್ತಿ ಆಗಿಬರುವುದಿಲ್ಲ, ಅವರು ಸ್ವಿಚ್ಚನ್ನೇ ಸರಿಮಾಡಬೇಕು.

ಮೊದಲ ಕೆಲವು ಚಾನಲ್ ಬಂದು ಮುಂದಿನವು ಬಾರದಿದ್ದರೆ ಪೋರ್ಟಿಗೆ ಇಷ್ಟೇ ಗುಂಪು ಎಂಬ ಮಿತಿಯನ್ನು ಓಎಲ್‌ಟಿಯಲ್ಲಿ ಹುಡುಕಿ. ಲಿನಕ್ಸ್ ಸರ್ವರಿನಲ್ಲಿ ಒಂದೇ ಸಾಕೆಟ್ಟಿನಿಂದ ಬಹಳ ಚಾನಲ್ ಸೇರಿಕೊಳ್ಳುವ ಪ್ರೋಗ್ರಾಂ 21ನೆಯದಕ್ಕೆ ಮುಗ್ಗರಿಸಿದರೆ ಕರ್ನಲ್ಲಿನ ಮಿತಿ 20 ಇರುವುದು ಕಾರಣ, ಅದನ್ನು ಏರಿಸಬಹುದು.

ವಿಳಾಸ ಹಂಚುವಾಗಲೇ ಆದ ತಪ್ಪು

ಎಥರ್ನೆಟ್ ಮಟ್ಟದಲ್ಲಿ ಗುಂಪಿನ ವಿಳಾಸದ ಕೊನೆಯ 23 ಬಿಟ್ ಮಾತ್ರ ಉಳಿಯುತ್ತವೆ, ಮುಂದೆ 01:00:5ಇ ಸೇರುತ್ತದೆ. ಹೀಗಾಗಿ 32 ಐಪಿ ಗುಂಪುಗಳಿಗೆ ಒಂದೇ ಎಂಎಸಿ. 239.10.1.5 ಮತ್ತು 239.138.1.5 ಎರಡಕ್ಕೂ ಒಂದೇ (138ರಿಂದ 128 ಕಳೆದರೆ 10). ಎಂಎಸಿ ಹಿಡಿದು ಪಟ್ಟಿ ಇಡುವ ಸ್ವಿಚ್ ಒಂದು ಕೇಳಿದವರಿಗೆ ಎರಡನ್ನೂ ಕೊಡುತ್ತದೆ. ಇನ್ನೂ ಕೆಟ್ಟದ್ದು 239.0.0 ಮತ್ತು 239.128.0ರಿಂದ ಶುರುವಾಗುವ ಸಾಲುಗಳು. ಅವುಗಳ ಎಂಎಸಿ, ಜಾಲದ ಒಳಮಾತಿಗೆಂದು ಕಾದಿಟ್ಟ 224.0.0 ಸಾಲಿನದ್ದೇ ಆಗುತ್ತದೆ, ಅದನ್ನು ಸ್ವಿಚ್ಚುಗಳು ಸ್ನೂಪಿಂಗ್ ಇದ್ದರೂ ಎಲ್ಲೆಡೆ ಚೆಲ್ಲುತ್ತವೆ. ಲೆಕ್ಕ ಬರೆಯಲು ಸುಲಭ ಎಂದು 239.0.0.1, 2, 3 ಎಂದು ಚಾನಲ್ ಹಂಚಿದವರ ಜಾಲದಲ್ಲಿ ಎಲ್ಲ ಪೋರ್ಟಿನ ದೀಪವೂ ಒಟ್ಟಿಗೆ ಮಿಣುಕುತ್ತಿರುತ್ತದೆ.

ಕರೆಂಟ್ ಹೋಗಿ ಬಂದ ಮೇಲೆ

ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಿ ಇನ್ವರ್ಟರ್ ಇರುತ್ತದೆ, ಕಂಬದ ಪೆಟ್ಟಿಗೆಯ ಸ್ವಿಚ್ಚಿಗೆ ಇರುವುದಿಲ್ಲ. ಸ್ವಿಚ್ ಸತ್ತು ಎದ್ದಾಗ ಅದರ ಪಟ್ಟಿ ಖಾಲಿ. ಮನೆಯ ಬಾಕ್ಸಿಗೂ ಆ ಸ್ವಿಚ್ಚಿಗೂ ನಡುವೆ ಇನ್ವರ್ಟರಿನ ಮೇಲೆ ಬದುಕಿದ್ದ ಓಎನ್‌ಟಿಯೋ ಡಬ್ಬಿ ಸ್ವಿಚ್ಚೋ ಇದ್ದರೆ ಬಾಕ್ಸಿಗೆ ಲೈನ್ ಹೋದದ್ದೇ ತಿಳಿಯುವುದಿಲ್ಲ. ತಾನು ಸದಸ್ಯ ಎಂದೇ ಅದರ ಎಣಿಕೆ, ಹೊಸ ರಿಪೋರ್ಟ್ ಕಳಿಸದು. ಮುಂದಿನ ಕ್ವೆರಿ ಬರುವ ತನಕ, ಹೆಚ್ಚೆಂದರೆ 135 ಸೆಕೆಂಡ್, ಚಿತ್ರ ಇಲ್ಲ. ಇದು ದೋಷವಲ್ಲ. ಫೋನ್ ತೆಗೆದವರು "ಎರಡೂವರೆ ನಿಮಿಷ ಕಾಯ್ರಿ" ಎಂದರೆ ಸಾಕು. ಎರಡೂವರೆ ನಿಮಿಷ ಮೀರಿದರೆ ಮಾತ್ರ ಬರೆದುಕೊಳ್ಳಿ: ಸ್ವಿಚ್ ಎದ್ದಾಗ ಸೇವ್ ಮಾಡದ ಸೆಟ್ಟಿಂಗ್ ಹಾರಿಹೋಗಿ ಕ್ವೆರಿಯರೋ ವಿಲ್ಯಾನೋ ಅಳಿಸಿರಬಹುದು.

ಕಾರವಾರ, ಬೈತಖೋಲ್ ಕಡೆ ಉಪ್ಪಿನ ಗಾಳಿ ಬೇರೆಯೇ ಕೆಲಸ ಮಾಡುತ್ತದೆ. ಆರ್‌ಜೆ45 ಪಿನ್ನುಗಳು ಹಸಿರುಗಟ್ಟಿ ಪ್ಯಾಕೆಟ್ ಕೆಡತೊಡಗುತ್ತವೆ. ಬ್ರೌಸಿಂಗಿನಲ್ಲಿ ಟಿಸಿಪಿ ಮತ್ತೆ ಕೇಳಿ ತರಿಸಿಕೊಳ್ಳುವುದರಿಂದ ಗೊತ್ತಾಗುವುದಿಲ್ಲ. ಮಲ್ಟಿಕ್ಯಾಸ್ಟಿನಲ್ಲಿ ಹೋದದ್ದು ಹೋಯಿತು, ಚಿತ್ರ ಆಗಾಗ ಒಡೆಯುತ್ತದೆ. ಇದಕ್ಕೆ ಗಡಿಯಾರದ ಶಿಸ್ತು ಇಲ್ಲ, ಯಾವಾಗ ಬೇಕಾದರೂ ಆಗುತ್ತದೆ, ಪೋರ್ಟಿನ ಸಿಆರ್‌ಸಿ (ಕೆಟ್ಟ ಪ್ಯಾಕೆಟ್ಟುಗಳ) ಕೌಂಟರ್ ಏರುತ್ತಿರುತ್ತದೆ. ಕ್ರಿಂಪಿಂಗ್ ಇಕ್ಕಳಕ್ಕೆ ಕೆಲಸ ಇರುವುದು ಇಲ್ಲಿ.

ಟಿವಿ ವೈಫೈ ಮೇಲಿದ್ದರೆ ಇನ್ನೊಂದು ಮಾತು. ವೈಫೈಯಲ್ಲಿ ಮಲ್ಟಿಕ್ಯಾಸ್ಟ್ ಪ್ಯಾಕೆಟ್ಟಿಗೆ ತಲುಪಿದ ರಸೀದಿ ಇಲ್ಲ, ಕಡಿಮೆ ವೇಗದಲ್ಲಿ ಹೋಗುತ್ತದೆ. ಆಕ್ಸೆಸ್ ಪಾಯಿಂಟಿನಲ್ಲಿ ಮಲ್ಟಿಕ್ಯಾಸ್ಟನ್ನು ಯುನಿಕ್ಯಾಸ್ಟ್ ಮಾಡುವ ಆಯ್ಕೆ ಇದ್ದರೆ ಹಾಕಿ, ಇಲ್ಲದಿದ್ದರೆ ವೈರ್ ಎಳೆಯಿರಿ. ಐಪಿವಿ6 ಇರುವ ಜಾಲದಲ್ಲಿ ಇದೇ ಕೆಲಸಕ್ಕೆ ಎಂಎಲ್‌ಡಿ. ಅಲ್ಲಿ ಕ್ವೆರಿಯರ್ ಇಲ್ಲದೆ ಸ್ನೂಪಿಂಗ್ ಹಾಕಿದರೆ ಟಿವಿಗಿಂತ ಮುಂಚೆ ಇಂಟರ್ನೆಟ್ಟೇ ತಡವರಿಸುತ್ತದೆ, ಏಕೆಂದರೆ ಪಕ್ಕದ ಸಾಧನದ ವಿಳಾಸ ಹುಡುಕುವುದೂ ಅಲ್ಲಿ ಮಲ್ಟಿಕ್ಯಾಸ್ಟಿನಿಂದಲೇ.

ಸರಿಪಡಿಸಿದ ಮೇಲೆ ಚಿತ್ರ ಬಂತೆಂದು ಕೂಡಲೇ ಬೈಕ್ ಹತ್ತಬೇಡಿ. ಮೊದಲ 260 ಸೆಕೆಂಡ್ ಕೆಟ್ಟ ಜಾಲದಲ್ಲೂ ಚಿತ್ರ ಬರುತ್ತದೆ. ಒಂದು ಚಾನಲ್ ಹಾಕಿ ರಿಮೋಟನ್ನು ಮನೆಯವರ ಕೈಗೆ ಸಿಗದಂತೆ ಇಟ್ಟು 9 ನಿಮಿಷ ಬಿಡಿ, ಎರಡು ಪೂರ್ಣ ಅವಧಿ ದಾಟುತ್ತದೆ. ಎರಡು ಟಿವಿ ಇದ್ದರೆ ಎರಡರಲ್ಲೂ ಒಂದೇ ಚಾನಲ್ ಹಾಕಿ, ಒಂದನ್ನು ತಿರುಗಿಸಿ, ಇನ್ನೊಂದನ್ನು ನೋಡುತ್ತಿರಿ. ಚಹಾ ಬರುವಷ್ಟರಲ್ಲಿ ಎರಡೂ ಪರೀಕ್ಷೆ ಮುಗಿದಿರುತ್ತವೆ.